ಮೂರು ಬಿಳಿ ಹಾಳೆ

ತೊಂಬತ್ತರ ದಶಕವಿಡೀ ನಾನು ತುಮಕೂರಿನಿಂದ ಗುಬ್ಬಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ತೆಂಗಿನಕಾಯಿ ತುರಿದು, ಒಣಗಿಸಿ, ಪುಡಿ ಮಾಡುವ ಒಂದು ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದೆ. ಅಲ್ಲಿನ ಹೆಂಗಸರು ನನ್ನನ್ನು ರೈಟ್ರಣ್ಣ ಎನ್ನುತ್ತಿದ್ದರು. ಬರೆಯುವುದೊಂದೇ ನನ್ನ ಕೆಲಸ. ಬರೆದದ್ದನ್ನು ಯೋಚಿಸುವುದಕ್ಕೆ ಸಂಬಳವಿರಲಿಲ್ಲ.

ಅಲ್ಲೊಂದು ಪದ್ಧತಿ ಇತ್ತು. ಹೊಸದಾಗಿ ಸೇರುವವರಿಂದ ಮೂರು ಖಾಲಿ ಬಿಳಿ ಹಾಳೆಗಳ ಕೆಳಗೆ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕು. ನೇಮಕದ ಪತ್ರ ಮಾತ್ರ ಯಾರಿಗೂ ಕೊಡುವಂತಿಲ್ಲ. "ನಾಳೆ ಯಾರಾದ್ರೂ ತಕರಾರು ತೆಗುದ್ರೆ ಬೇಕಾಗ್ತದೆ ಕಣ್ರೀ" ಎನ್ನುತ್ತಿದ್ದರು ಮಾಲೀಕರು. ಕುಣಿಗಲ್ಲಿನಲ್ಲಿ ಕಾರ್ಖಾನೆ ಇಟ್ಟಿದ್ದ ಭಾವಮೈದುನನಿಂದ ಕಲಿತ ವಿದ್ಯೆಯಂತೆ. ಬೆರಳನ್ನು ನಾನೇ ಹಿಡಿದು ಮಸಿ ಪ್ಯಾಡಿನ ಮೇಲೆ ಹೊರಳಿಸಿ, ಹಾಳೆಗೆ ಒತ್ತಿಸಿ, ಬೀರುವಿನಲ್ಲಿ ಬೀಗ ಹಾಕಿಡುತ್ತಿದ್ದೆ. ತಪ್ಪು ಎಂದು ಗೊತ್ತಿತ್ತು. ಆದರೂ ನನಗೆ ಸಂಜೆಯ ಬಸ್ಸು ತಪ್ಪುವ ಚಿಂತೆಯೇ ದೊಡ್ಡದಾಗಿತ್ತು.

ಚೇಳೂರು ಕಡೆಯ ಒಬ್ಬ ಹೆಂಗಸು ಏಳೆಂಟು ವರ್ಷದಿಂದ ತುರಿಯುವ ಮಿಷನ್ನಿನ ಮುಂದೆ ನಿಲ್ಲುತ್ತಿದ್ದಳು. ಗಂಡ ಇರಲಿಲ್ಲ. ಎರಡು ಹೆಣ್ಣುಮಕ್ಕಳ ಮನೆ ಆ ಕೆಲಸದ ಮೇಲೇ ನಿಂತಿತ್ತು. ಮಿಷನ್ನಿನ ತಗಡಿನ ಮುಚ್ಚಳ ಮುರಿದು ಎಷ್ಟೋ ದಿನವಾಗಿತ್ತು. ಸರಿ ಮಾಡಿಸಬೇಕೆಂದು ಎಲ್ಲರೂ ಹೇಳುತ್ತಿದ್ದೆವು, ಯಾರೂ ಮಾಡಿಸಲಿಲ್ಲ. ಒಂದು ಮಧ್ಯಾಹ್ನ ಅವಳ ಎಡಗೈ ಹೆಬ್ಬೆರಳು ಬುಡದಿಂದಲೇ ಹೋಯಿತು. ಮಾಲೀಕರು ತಮ್ಮ ಜೀಪಿನಲ್ಲೇ ತುಮಕೂರಿಗೆ ಕರೆದೊಯ್ದು ಆಸ್ಪತ್ರೆಗೆ ಸೇರಿಸಿದರು. ಅಪಘಾತದ ವರದಿ ಮಾತ್ರ ಯಾವ ಆಫೀಸಿಗೂ ಹೋಗಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಮಾಲೀಕರು ನನ್ನನ್ನು ಕರೆದು, "ಆಯಮ್ಮಂದು ಒಂದು ಹಾಳೆ ತೆಗೀರಿ. ರಾಜೀನಾಮೆ ಬರ್ದ್ಬುಡಿ" ಎಂದರು.

ಬರೆದೆ. "ಕೈಗೆ ಪೆಟ್ಟಾಗಿ ಕೆಲಸ ಮಾಡಲು ಆಗದ ಕಾರಣ ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ." ಅಂದಿನ ತಾರೀಖು ಹಾಕಿದೆ. ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗೆ ಎಂದು ಊರೆಲ್ಲ ಹೊಗಳುತ್ತಿತ್ತು.

ಗಾಯ ಮಾಗಿದ ಮೇಲೆ ಅವಳು ಬಂದಳು. "ಮಿಷನ್ ಬ್ಯಾಡ ರೈಟ್ರಣ್ಣ, ಕುಂತ್ಕಂಡು ಕೆಟ್ಟ ಕಾಯಿ ಆರ್ಸ್ತೀನಿ. ಮನೆ ನಡೀಬೇಕಲ್ಲ" ಎಂದಳು. ನೀನೇ ಕೆಲಸ ಬಿಟ್ಟಿದ್ದೀಯಲ್ಲ ಎಂದು ಹೇಳುವ ಕರ್ಮವೂ ನನ್ನ ಪಾಲಿಗೇ ಬಂತು. ಅವಳು ಜಗಳವಾಡಲಿಲ್ಲ. ತುಮಕೂರಿನ ಲೇಬರ್ ಆಫೀಸಿಗೆ ಹೋಗಿ ಅರ್ಜಿ ಕೊಟ್ಟಳು.

ವಿಚಾರಣೆಯ ದಿನ ಮಾಲೀಕರ ಹಿಂದೆ ನಾನೂ ಫೈಲು ಹಿಡಿದು ಹೋದೆ. ಅಧಿಕಾರಿ ರಾಜೀನಾಮೆಯನ್ನು ಎರಡು ಸಲ ಓದಿದರು. ಆಮೇಲೆ, "ಎಲ್ಲಿ, ಎಡಗೈ ತೋರ್ಸಮ್ಮ" ಎಂದರು. ಅವಳು ಸೆರಗಿನೊಳಗಿಂದ ಕೈ ತೆಗೆದು ಮೇಜಿನ ಮೇಲಿಟ್ಟಳು. ಅದರಲ್ಲಿ ನಾಲ್ಕೇ ಬೆರಳು. ಪಕ್ಕದಲ್ಲಿದ್ದ ನನ್ನ ಹಾಳೆಯಲ್ಲಿ ಮಾತ್ರ, ಕೈಗೆ ಪೆಟ್ಟಾಗಿ ಎಂಬ ಸಾಲಿನ ಕೆಳಗೇ, ಎಡಗೈ ಹೆಬ್ಬೆಟ್ಟು ಗೆರೆಗೆರೆಯಾಗಿ ಇಡಿಯಾಗಿ ಕೂತಿತ್ತು.

ಮಾಲೀಕರು ನನ್ನ ಮುಖ ನೋಡಿದರು. ಇಬ್ಬರೂ ಕೂತು ಓದಿ ಒಪ್ಪಿದ ಕಾಗದ, ಇಬ್ಬರ ಕಣ್ಣಿಗೂ ಈ ಎಡವಟ್ಟು ಬಿದ್ದಿರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸುಸ್ತಾಯಿತು. ಅವಳನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುತ್ತೇನೆಂದು ಮಾಲೀಕರು ಬರೆದುಕೊಟ್ಟರು. ಹಾಳೆ ಅಧಿಕಾರಿಯ ಬಳಿಯೇ ಉಳಿಯಿತು.

ಫೈಲನ್ನು ಕಾರ್ಖಾನೆಗೆ ಮುಟ್ಟಿಸಬೇಕಿತ್ತು. ಹಾಗಾಗಿ ನಾನೂ ಅವಳೂ ಒಂದೇ ಗುಬ್ಬಿ ಬಸ್ಸಿಗೆ ಕಾದು ನಿಂತೆವು. "ನನ್ನಿಂದ ತಪ್ಪಾಯ್ತು ಕಣಮ್ಮ" ಎಂದೆ.

"ಬುಡಣ್ಣ" ಎಂದಳು. ಬಸ್ಸು ಬಂದ ಮೇಲೆ ಹತ್ತದೆ ನನ್ನ ಕಡೆ ತಿರುಗಿದಳು. "ಕೆಲ್ಸಕ್ ಸೇರ್ದಾಗ ಮೂರು ಹಾಳೆಗೆ ಒತ್ತುಸ್ಕಂಡಿದ್ರಿ. ಇನ್ನೆಲ್ಡು ನಿಮ್ ಬೀರುನಾಗೇ ಅವೆ. ಕೊಟ್ಬುಡಿ ರೈಟ್ರಣ್ಣ. ನನ್ ಹೆಬ್ಬೆಳ್ಳು ಈಗ ಅಲ್ಲಿ ಬಿಟ್ರೆ ಇನ್ನೆಲ್ಲೂ ಇಲ್ಲ."