ಕುಸಾಕಾಬೆಯ ಬಿಳಿ ಗೋಡೆ

ದೇವರ ಪಲ್ಲಕ್ಕಿ ಹೊರುವವನು ಹೆಗಲಿಗೆ ಮೆತ್ತೆ ಇಟ್ಟುಕೊಳ್ಳಬಾರದು. ಹೊತ್ತು ಹೊತ್ತು ಹೆಗಲ ಮೇಲೆ ಎದ್ದ ಗಂಟೇ ನಮ್ಮೂರಲ್ಲಿ ಗಂಡಸುತನದ ಗುರುತು. ನಾನು ಇಟ್ಟುಕೊಂಡಿದ್ದೆ, ಅದೂ ಹೆಂಡತಿಯ ಹೂವಿನ ಮೆತ್ತೆ. ಗುಡಿಯ ಕೆಂಪು ಹೆಬ್ಬಾಗಿಲಲ್ಲಿ ತಲೆ ಬಾಗಿಸಿದ್ದೇ ತಡ, ಅದು ಅಂಗಿಯೊಳಗಿಂದ ಜಾರಿ ಅರ್ಚಕರ ಪಾದಕ್ಕೇ ಬಿತ್ತು.

"ಕ್ಷೌರದ ಕೋಜೊ ದೇವರಿಗೆ ಹಾಸಿಗೆ ತಂದಿದಾನ್ರೋ!" ಯಾರೋ ಕೂಗಿದರು. ನಲವತ್ತು ಜನ ನಕ್ಕರು. ನಗದವನು ಗೆನ್ಸಾಕು ಒಬ್ಬನೇ.

ಗೆನ್ಸಾಕು ಚಾಪೆ ಹೊಲಿಯುವವನು, ಅರವತ್ತೆಂಟರ ಮುದುಕ. ಮೂವತ್ತು ವರ್ಷದಿಂದ ಪಲ್ಲಕ್ಕಿಯ ಮುಂದಿನ ಎಡ ದಂಡಿಗೆ ಅವನದೇ. ಅವನು ಒತ್ತಿದತ್ತ ಪಲ್ಲಕ್ಕಿ ವಾಲುತ್ತದೆ. ಹೇಗೆ ವಾಲಿದರೂ ಅದು ದೇವರ ಇಚ್ಛೆ, ಹೊತ್ತವರ ತಪ್ಪಲ್ಲ. ಅಜ್ಜಂದಿರ ಕಾಲದ ಕಟ್ಟಳೆ.

ಅವನ ಹೆಂಡತಿ ಕಿನು ಪ್ರತಿ ಹಬ್ಬದಲ್ಲೂ ತಮ್ಮ ಮನೆಯ ಬೇಲಿಯಂಚಿನ ಕಾಕಿ ಹಣ್ಣಿನ ಮರದಡಿ ಪಲ್ಲಕ್ಕಿ ನಿಲ್ಲಿಸಿ, ದೇವರಿಗೆ ಮೊದಲ ಹಣ್ಣು, ನಮಗೆ ಉಳಿದದ್ದು ಕೊಡುತ್ತಿದ್ದಳು. ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಗೆನ್ಸಾಕು ಅವಳ ಅಸ್ಥಿಯನ್ನು ತವರಿಗೆ ಒಯ್ದು ಬರುವಷ್ಟರಲ್ಲಿ, ಪಕ್ಕದ ಮದ್ಯದಂಗಡಿಯ ಕುಸಾಕಾಬೆ ಮರ ಕಡಿಸಿದ್ದ. ವಾರದಲ್ಲೇ ಅಲ್ಲಿ ಬಿಳಿ ಗೋಡೆ ಎದ್ದಿತು.

"ಎಲೆ ಉದುರಿ ಅಂಗಳ ಗಲೀಜಾಗ್ತಿತ್ತು ಗೆನ್ ಸಾನ್. ಮರ ತಾನೇ, ಇನ್ನೊಂದು ನೆಟ್ರಾಯ್ತು."

"ಹೌದಲ್ವಾ," ಅಂದ ಗೆನ್ಸಾಕು. ಅಷ್ಟೇ.

ಆಮೇಲೆ ಕ್ಷೌರಕ್ಕೆ ಬಂದಾಗಲೆಲ್ಲ ಒಂದೇ ಪ್ರಶ್ನೆ: "ಹಬ್ಬಕ್ಕೆ ಇನ್ನೆಷ್ಟು ದಿನ?" ಕತ್ತಿ ಇದ್ದದ್ದು ನನ್ನ ಕೈಯಲ್ಲಿ, ಹೆದರುತ್ತಿದ್ದವನೂ ನಾನೇ.

ಗುಡಿಯಿಂದ ಹೊರಟ ಪಲ್ಲಕ್ಕಿ ಗೆನ್ಸಾಕುವಿನ ಬೀದಿಗೆ ತಿರುಗಿತು. ಗೋಡೆಯ ಮುಂದೆ ಕುಸಾಕಾಬೆ ರೇಷ್ಮೆ ನಿಲುವಂಗಿ ತೊಟ್ಟು ಕೈಮುಗಿದು ನಿಂತಿದ್ದ. ನನ್ನ ಮುಂದಿದ್ದ ಗೆನ್ಸಾಕುವಿನ ಹೆಗಲು ಮೆಲ್ಲಗೆ ಎಡಕ್ಕೆ ವಾಲಿತು.

"ಗೆನ್ ಸಾನ್, ಗೋಡೆ!" ಅಂದೆ.

"ನೀನು ನಿನ್ನ ಮೆತ್ತೆ ನೋಡ್ಕೋ."

ನಾವು ತಡೆಯಬಹುದಿತ್ತು. ಆದರೆ ಕಿನು ಕೊಟ್ಟ ಹಣ್ಣು ತಿಂದ ಬಾಯಿಗಳೆಲ್ಲ "ವಾಶ್ಶೋಯ್!" ಎಂದು ಅಬ್ಬರಿಸಿದವು, ಮೆತ್ತೆಯಿಲ್ಲದ ನನ್ನ ಹೆಗಲೂ ಎಡಕ್ಕೇ ಒತ್ತಿತು. ಕುಸಾಕಾಬೆ ನಿಲುವಂಗಿ ಎತ್ತಿಕೊಂಡು ಪಕ್ಕಕ್ಕೆ ಹಾರಿದ. ದೇವರು ಒಮ್ಮೆ ಗುದ್ದಿದ, ಹಿಂದೆ ಸರಿದ, ಮತ್ತೆ ಗುದ್ದಿದ. ಮೂರನೆಯದಕ್ಕೆ ಗೋಡೆ ಅಂಗಾತ ಮಲಗಿತು.

ಸುಣ್ಣದ ಧೂಳಲ್ಲಿ ಬಿಳಿಚಿ ಹೋದ ಕುಸಾಕಾಬೆ ಕಿರುಚಿದ: "ಇಷ್ಟಗಲ ಬೀದಿ ಬಿಟ್ಟು ನಿಮ್ಮ ದೇವರಿಗೆ ನನ್ನ ಗೋಡೆನೇ ಬೇಕಿತ್ತೇನೋ?"

ಗೆನ್ಸಾಕು ಕತ್ತಿನ ಬೆವರು ಒರೆಸಿಕೊಂಡ.

"ವರ್ಷಾ ವರ್ಷಾ ಇಲ್ಲೇ ಹಣ್ಣು ಸಿಕ್ತಿತ್ತಲ್ಲ. ಮರ ಎಲ್ಲಿ ಅಂತ ಹುಡುಕ್ತಿದ್ದ."