ಮನೆ ಹೋಗಿ ಅಂಗಳ ಉಳಿದ ಆಟ

ಅಂಗಳ ಎಂಬ ಮಾತನ್ನು ಮೊದಲು ಆಡಿದ್ದು ನಾನೇ ಎಂದು ಇಂದಿಗೂ ಅನಿಸುತ್ತದೆ. ಅನಿಸುವುದಕ್ಕೂ ಆದದ್ದಕ್ಕೂ ಎಷ್ಟು ದೂರವಿರಬಹುದೆಂದು ಬಲ್ಲೆ. ಅದಕ್ಕೇ ದಿನಚರಿ ಬರೆಯುತ್ತೇನೆ. ಈ ವಿಷಯದಲ್ಲಿ ಮಾತ್ರ ದಿನಚರಿಯೂ ನನ್ನ ಪರ ಸಾಕ್ಷಿ ಹೇಳಲಿಲ್ಲ.

ಪುಣೆಯ ವಾಕಡದ ನಮ್ಮ ಫ್ಲ್ಯಾಟಿನಲ್ಲಿ ನಾವು ಗಂಡ ಹೆಂಡತಿ ಒಂಬತ್ತು ವರ್ಷ ಒಂದೇ ಆಟ ಆಡಿದೆವು. ನೆಪೋಲಿಯನ್ ಕಾಲದ ಯುದ್ಧದ ಆಟ. ಜೇನುಗೂಡಿನಂತೆ ಆರು ಮೂಲೆಯ ಮನೆಗಳಿರುವ ಕಾಗದದ ನಕ್ಷೆ, ಅದರ ಮೇಲೆ ಉಗುರಿನಗಲದ ರಟ್ಟಿನ ಚೂರುಗಳು, ಒಂದೊಂದು ಚೂರು ಒಂದೊಂದು ದಳ. ನಿಯಮದ ಪುಸ್ತಕದಲ್ಲಿ ಆ ಮನೆಗಳಿಗೆ ಬೇರೆ ಹೆಸರಿದೆ. ಪಗಡೆಯ ರೂಢಿಯಿಂದ ನಾವು ಮನೆ ಎಂದೇ ಕರೆದೆವು. ರವಿವಾರ ಊಟವಾದ ಮೇಲೆ ನಕ್ಷೆ ಬಿಚ್ಚಿದರೆ ಸಂಜೆಯ ಚಹಾದವರೆಗೆ ಆಟ. ವಾರವಿಡೀ ಚಾಕಣದ ಕಾರ್ಖಾನೆಗೆ ಹೋಗಿಬರುವ ನನ್ನವರು ಪೂರ್ತಿಯಾಗಿ ನನ್ನೆದುರು ಕೂರುತ್ತಿದ್ದುದು ಆ ಮೂರು ತಾಸು ಮಾತ್ರ. ಸೋತರೆ ಬುಧವಾರದವರೆಗೂ ಸರಿಯಾಗಿ ಮಾತಾಡುತ್ತಿರಲಿಲ್ಲ. ನನಗೆ ಅದೂ ಇಷ್ಟವಾಗಿತ್ತು.

ಕಳೆದ ವರ್ಷ ಎದುರು ಫ್ಲ್ಯಾಟಿಗೆ ಸೋಲಾಪುರದ ದಂತವೈದ್ಯರೊಬ್ಬರು ಬಂದರು. ಮನೆಮಾತು ಕನ್ನಡ, ಅದರಲ್ಲಿ ಅರ್ಧ ಮರಾಠಿ. ಹಲ್ಲು ಕೊರೆಯುವ ಅದೇ ಕೈಯಿಂದ ಹೆಬ್ಬೆರಳ ಗೆಣ್ಣಿನಷ್ಟು ಎತ್ತರದ ಸೈನಿಕರಿಗೆ ಬಣ್ಣ ಹಚ್ಚುವುದು ಅವರ ಹುಚ್ಚು. ಪೇಡೆ ಕೊಡಲು ಬಂದವರು ನಮ್ಮ ನಕ್ಷೆ ಕಂಡು ಬಾಗಿಲಲ್ಲೇ ನಿಂತರು. ಅಂದಿನಿಂದಲೇ ನಾನು ಅವರಿಗೆ ವೈನಿ, ಅಂದರೆ ಅತ್ತಿಗೆ.

"ವೈನಿ, ಆಟ ಭಾರಿ ಅದ. ಆದ್ರ ಈ ರಟ್ಟಿನ ತುಂಡು ನೋಡಿ ಯಾರಿಗೆ ಯುದ್ಧ ಅನಸ್ತದ್ರಿ? ರೇಶನ್ ಕೂಪನ್ ಕಂಡಂಗ ಕಾಣಸ್ತಾವ."

ನನ್ನವರು ಜೋರಾಗಿ ನಕ್ಕರು. ಅದೇ ಕೂಪನ್ನುಗಳಿಗಾಗಿ ಒಂಬತ್ತು ವರ್ಷ ನನ್ನೊಡನೆ ಮುನಿಸಿಕೊಂಡವರು ಅವರು.

ಮರುವಾರದಿಂದಲೇ ಇಬ್ಬರೂ ಸೇರಿ ನಮ್ಮ ಆಟವನ್ನು ಸೈನಿಕರ ಆಟವಾಗಿ ಮಾರ್ಪಡಿಸಲು ಕೂತರು. ನಕ್ಷೆಯ ಬದಲು ಹಸಿರು ಬಟ್ಟೆ, ಮನೆ ಎಣಿಸುವ ಬದಲು ಅಳತೆಪಟ್ಟಿ, ಒಂದು ಮನೆಗೆ ಎರಡು ಇಂಚು. ನಡಿಗೆಯ ದೂರ, ತೋಪಿನ ಗುಂಡು ಹಾರುವ ದೂರ ಎಲ್ಲ ಸುಲಭವಾಗಿ ಹೊಂದಿದವು. ಒಂದೇ ನಿಯಮ ತೊಡಕಾಯಿತು. ನಕ್ಷೆಯಲ್ಲಿ ಶತ್ರುದಳದ ಸುತ್ತಲಿನ ಆರು ಮನೆಗಳಲ್ಲಿ ಯಾವುದಕ್ಕೆ ಕಾಲಿಟ್ಟರೂ ನಮ್ಮ ದಳ ಅಲ್ಲೇ ನಿಲ್ಲಬೇಕು. ಮನೆಗಳೇ ಇಲ್ಲದ ಬಟ್ಟೆಯ ಮೇಲೆ ನಿಲ್ಲುವುದೆಲ್ಲಿ? ಮೂರು ರವಿವಾರ ಇದೇ ಚರ್ಚೆ. ನಾನು ಚಹಾ ಕೊಡುತ್ತಿದ್ದೆ, ಕೇಳಿದರೆ ಮೂಲ ನಿಯಮ ಹೇಳುತ್ತಿದ್ದೆ. ಕೊನೆಗೆ ಉಪಾಯ ಹೊಳೆಯಿತು. ಮನೆ ಹೋದರೂ ಅಂಗಳ ಇಟ್ಟುಕೊಳ್ಳಬಹುದಲ್ಲ. ಪ್ರತಿ ದಳವನ್ನೂ ಒಂದು ರಟ್ಟಿನ ಮೇಲೆ ನಿಲ್ಲಿಸಿ, ಸುತ್ತ ಎರಡಿಂಚು ಮಣ್ಣಿನ ಬಣ್ಣದ ಅಂಚು ಬಿಟ್ಟರೆ ಅದೇ ಅದರ ಅಂಗಳ. ತಾಗಿದವರು ನಿಲ್ಲಬೇಕು.

ಮೊದಲ ದೊಡ್ಡ ಆಟ ದೀಪಾವಳಿ ಕಳೆದ ಮೇಲೆ ನಮ್ಮ ವಸತಿ ಸೊಸೈಟಿಯ ಹಾಲ್‌ನಲ್ಲಿ, ಟೇಬಲ್ ಟೆನಿಸ್ ಮೇಜಿನ ಮೇಲೆ ನಡೆಯಿತು. ಒಂದು ಬದಿಗೆ ನನ್ನವರು, ಎದುರಿಗೆ ಡಾಕ್ಟರು. ಆ ಜಾಗ ನನ್ನದಲ್ಲವೇ ಎಂದು ಕೇಳುವ ಮೊದಲೇ ನನ್ನವರು, "ನೀ ಅಂಪೈರ್ ಆಗು. ನಿಯಮ ಎಲ್ಲಾ ನಿನಗ ಬಾಯಿಪಾಠ ಅದಾವ" ಎಂದರು. ಗೌರವದ ಮಾತೇ. ಆದರೆ ಅಂಪೈರಿಗೆ ಕುರ್ಚಿ ಇರಲಿಲ್ಲ.

ನೋಡಲು ಬಂದಿದ್ದ ಬಿ ವಿಂಗಿನ ಹಿರಿಯರೊಬ್ಬರು ಆ ಮಣ್ಣುಬಣ್ಣದ ಅಂಚು ಯಾರ ಯೋಚನೆ ಎಂದು ಮರಾಠಿಯಲ್ಲಿ ಕೇಳಿದರು. "ಡಾಕ್ಟರ್ ಸಾಹೇಬರದು" ಎಂದರು ನನ್ನವರು. ಡಾಕ್ಟರು ಬಗ್ಗಿ ಏನೋ ಅಳೆಯುತ್ತಿದ್ದರು. ಕೇಳಿಸಿತೋ ಇಲ್ಲವೋ, ಅಲ್ಲ ಎನ್ನಲಿಲ್ಲ.

ಅರ್ಧ ತಾಸಿನ ಮೇಲೆ ಡಾಕ್ಟರರ ಕುದುರೆದಳ ನನ್ನವರ ಕಾಲಾಳುಗಳ ಪಕ್ಕದಿಂದ ನುಸುಳಿ ತೋಪುಗಳ ಕಡೆ ಹೊರಟಿತು. ಅಂಗಳಕ್ಕೆ ತಾಗಿತೇ? ನಾನು ಬಗ್ಗಿ ನೋಡಿದೆ. ನಡುವೆ ದಾರದಷ್ಟು ಹಸಿರು ಬಟ್ಟೆ ಕಂಡಿತು ಎಂದೇ ನನ್ನ ನೆನಪು.

"ತಾಗ್ಯದ. ನಿಲ್ಲಬೇಕು" ಎಂದೆ.

"ವೈನಿ, ಚಷ್ಮಾ ಒರಸ್ಕೊಂಡು ಮತ್ತೊಮ್ಮೆ ನೋಡ್ರಲ್ಲ."

"ಚಷ್ಮಾ ಸರಿ ಅದ. ನೀವು ಹಲ್ಲು ನೋಡ್ರಿ, ಅಂಗಳ ನಾ ನೋಡ್ತೀನಿ."

ಎಲ್ಲರೂ ನಕ್ಕರು. "ವೈನಿ ಅಂದ್ರ ಮುಗೀತ್ರಿ" ಎಂದು ಡಾಕ್ಟರು ಕೈ ಎತ್ತಿದರು. ಮುಂದಿನ ಸರದಿಯಲ್ಲಿ ತೋಪುಗಳೆದುರು ಅವರ ಕುದುರೆಗಳೆಲ್ಲ ಹೋದವು. ಡಾಕ್ಟರು ಸೋತರು. ನನ್ನವರು ಅವರ ಬೆನ್ನಿಗೊಂದು ಗುದ್ದಿ, ಹೆಗಲ ಮೇಲೆ ಕೈ ಹಾಕಿ ಸಮಾಧಾನ ಮಾಡಿದರು. ಇಬ್ಬರೂ ನಗುತ್ತ ಸೈನಿಕರನ್ನು ಡಬ್ಬಿಗೆ ತುಂಬಿದರು. ಸುಳ್ಳು ತೀರ್ಪು ಕೊಟ್ಟು ನಾನು ಗಳಿಸಿದ್ದು ಇಷ್ಟು.

ಮನೆಗೆ ಬಂದು ಹೇಳಿದೆ: "ಆ ಅಂಗಳ ನಾ ಅಂದದ್ದು."

"ಹೌದೇನು, ನೀ ಅಂದಿದ್ದು? ಇದ್ದೀತು." ಅವರು ಪ್ರಾಮಾಣಿಕವಾಗಿಯೇ ಯೋಚಿಸಿದರು. "ನನಗ ಡಾಕ್ಟರ್ ದನಿಯಾಗ ನೆನಪದ."

ನನ್ನ ನೆನಪಿನಲ್ಲಿ ನಾನು ಒದ್ದೆ ಕೈಯಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೇನೆ. "ಮನಿ ಹೋದ್ರ ಹೋಗ್ಲಿ, ಅಂಗಳ ಇಟ್ಟಕೊಳ್ರಿ" ಎನ್ನುತ್ತಿದ್ದೇನೆ. ಚಿತ್ರ ಎಷ್ಟು ಸ್ಪಷ್ಟವೆಂದರೆ ನನ್ನ ಬೆನ್ನ ಹಿಂದಿರುವ ಬೂದುಬಣ್ಣದ ಫ್ರಿಜ್ಜೂ ಕಾಣುತ್ತದೆ. ಆದರೆ ಆ ಫ್ರಿಜ್ ಬಂದದ್ದು ದೀಪಾವಳಿಗೆ. ಮಾತು ನಡೆದದ್ದು ಅದಕ್ಕೂ ಮೊದಲು, ಶ್ರಾವಣದಲ್ಲಿ. ಯಾವುದೋ ಹೊತ್ತಿನ ನನ್ನನ್ನು ತಂದು ನಾನೇ ಅಲ್ಲಿ ನಿಲ್ಲಿಸಿದ್ದೇನೆ. ಆ ರವಿವಾರದ ದಿನಚರಿ ತೆಗೆದೆ. "ಅಂಗಳ ಎಂದು ಹೆಸರಿಟ್ಟಾಯಿತು. ತೊಡಕು ಬಿಟ್ಟಿತು." ಯಾರು ಇಟ್ಟರು? ಹಿಂದಿನ ಮುಂದಿನ ಪುಟ ತಿರುವಿದೆ. ಹೋಗಿ ಬಂದಾಯಿತು, ತಿಂದಾಯಿತು, ಹೇಳಿಯಾಯಿತು. ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು, ಯಾವ ಕಾಗದ ಕಂಡರೂ ಇದನ್ನು ಹೇಳಿದವರು ಯಾರು ಎಂದು ಮೊದಲು ಕೇಳಬೇಕೆಂದು ಕಲಿತವಳು. ನನ್ನ ದಿನಚರಿಯಲ್ಲೇ ಕೆಲಸಗಳೆಲ್ಲ ತಾವಾಗಿ ಆಗುತ್ತಿವೆ.

ಮುಂದಿನ ರವಿವಾರ ಏನೂ ಹೇಳದೆ ಹಳೆಯ ನಕ್ಷೆ ಬಿಚ್ಚಿದೆ. ಅವರು ತಕರಾರಿಲ್ಲದೆ ಕೂತರು. ಚೂರುಗಳನ್ನು ಬೇಗ ಬೇಗ ಸರಿಸಿದರು. ಸೋತರು, ಅದೂ ಕೆಟ್ಟದಾಗಿ. "ಛಲೋ ಆಡಿದಿ" ಎಂದು ಎದ್ದು ತಾವೇ ಚಹಾಕ್ಕಿಟ್ಟರು. ಸೋಮವಾರ ಬೆಳಿಗ್ಗೆ ಬೂಟು ಒರೆಸುತ್ತ ಸಿಳ್ಳೆ ಹಾಕುತ್ತಿದ್ದರು. ಅವರ ಸಿಟ್ಟಿಗಾಗಿ ನಾನು ಕಾದಿದ್ದೆನೆಂದು ಆಗ ತಿಳಿಯಿತು. ಆ ಸಿಟ್ಟು ಈಗ ಹಾಲ್‌ನ ಮೇಜಿಗೆ ಹೋಗಿತ್ತು. ಬೇಕೆಂದರೆ ನಾನೂ ಅಲ್ಲಿಗೇ ಹೋಗಬೇಕು.

"ಬರೋ ರವಿವಾರ ನನಗೂ ಒಂದು ಸೈನ್ಯ ಬೇಕ್ರಿ. ನಿಮ್ಮ ಎದುರಿಗೆ" ಎಂದೆ.

"ಮತ್ತ ಡಾಕ್ಟರು?"

"ಅಂಪೈರ್ ಆಗ್ಲಿ."

ಅವರು ಬೂಟಿನ ದಾರ ಕಟ್ಟಿ ಮುಗಿಸಿದರು. "ಸೈನ್ಯ ಅವರದು. ನೀನ ಕೇಳು."

ಎದುರು ಫ್ಲ್ಯಾಟಿನ ಬೆಲ್ ಒತ್ತಿದೆ. ಡಾಕ್ಟರು ಕೈಯಲ್ಲಿ ಸಣ್ಣ ಕುಂಚ ಹಿಡಿದೇ ಬಾಗಿಲು ತೆಗೆದರು. "ಬರ್ರಿ ವೈನಿ." ವಿಷಯ ಹೇಳಿದೆ. ಯಾವ ಸೈನ್ಯ ಬೇಕೆಂದು ಕೇಳಿದರು.

"ನೀವು ಆಡೋದು."

ಅವರು ಒಮ್ಮೆ ನನ್ನ ಹಿಂದೆ, ನಮ್ಮ ಮನೆಯ ತೆರೆದ ಬಾಗಿಲ ಕಡೆ ನೋಡಿದರು.

"ಅದೊಂದು ಬ್ಯಾಡ್ರಿ" ಎಂದರು. ದನಿಯಲ್ಲಿ ನಗುವಿರಲಿಲ್ಲ. ನನ್ನವರೆದುರಿನ ಆ ಜಾಗ ಅವರಿಗೂ ಬೇಕಾಗಿದೆ ಎಂದು ನನಗೆ ಹೊಳೆದದ್ದು ಅಲ್ಲಿಯೇ. ಆದರೂ ನಾನು ಹೊಸ್ತಿಲು ಬಿಟ್ಟು ಕದಲಲಿಲ್ಲ.