ನಕಲಿಗೆ ಒಪ್ಪದ ನಾಡಿ

ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪಾಲಿಬೆಟ್ಟದ ಹತ್ತಿರದ ನಮ್ಮ ಎಸ್ಟೇಟಿನ ಕಣದಲ್ಲಿ ಕಾಫಿ ಒಣಗಲು ಹರವಿತ್ತು. ಎಸ್ಟೇಟಿನ ಲೆಕ್ಕ, ಹಾಜರಿ ನೋಡುವ ರೈಟರು ಸುಬ್ಬಯ್ಯನವರು ಕೈ ಹಿಂದೆ ಕಟ್ಟಿ, ಹೊಟ್ಟೆ ಮುಂದೆ ಬಿಟ್ಟು ಕಣ ಸುತ್ತುವ ಠೀವಿಯನ್ನು ನಾನು ಕೆಲಸದ ಹೆಂಗಸರೆದುರು ಅಭಿನಯಿಸುತ್ತಿದ್ದೆ. ನಗುವವರ ಮುಖ ನೋಡುವ ಆಸೆಯಿಂದ ಹಿಮ್ಮುಖವಾಗಿ ನಡೆದೆ. ಒಣಗಿದ ಕಾಫಿಹಣ್ಣು ಬೂಟಿನಡಿ ಉರುಳಿತು. ಕಣದ ಸಿಮೆಂಟ್ ಅಂಚು ನನ್ನ ಹಿಂದಲೆಯನ್ನು ಬರಮಾಡಿಕೊಂಡಿತು. ಎಚ್ಚರವಾದಾಗ ನನ್ನನ್ನು ಎತ್ತಿ ಹಿಡಿದಿದ್ದವರು ರೈಟರೇ. ಅಣಕದ ಬಗ್ಗೆ ಒಂದು ಮಾತೂ ಆಡಲಿಲ್ಲ. ತಲೆಗಿಂತ ಅದೇ ಹೆಚ್ಚು ನೋವಾಯಿತು.

ಮೂರು ವಾರದಲ್ಲಿ ಊತ ಇಳಿಯಿತು. ಕನ್ನಡಿಯಲ್ಲಿ ಮೊದಲಿನ ಸುಂದರಾಂಗನೇ ಕಾಣುತ್ತಿದ್ದ. ಆದರೆ ಕೂತಾಗ ಸಾಧುವಾಗಿರುವ ಎದೆ, ಎಸ್ಟೇಟ್ ಬಂಗಲೆಯ ಏರು ಹತ್ತಿದೊಡನೆ ಡವಡವ ಎನ್ನುತ್ತಿತ್ತು. ತಲೆಯೊಳಗೆ ಕಾಫಿಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ತಿರುಗಿದ ಹಾಗಾಗುತ್ತಿತ್ತು. ಡಿಸ್ಪೆನ್ಸರಿಯ ಕಂಪೌಂಡರ್ ಕುಟ್ಟನ್ ಗಡಿಯಾರ ಹಿಡಿದು ನಾಡಿ ಎಣಿಸಿದರು. ಕೂತಾಗ ಎಪ್ಪತ್ತು, ಏರು ಹತ್ತಿ ಬಂದಾಗ ನೂರಮೂವತ್ತು.

"ಪೆಟ್ಟು ಹೊರಗೆ ವಾಸಿಯಾಗಿ ಉಂಟು, ಒಳಗೆ ಇನ್ನೂ ಇಲ್ಲ. ಎದೆ ಓಡುವ ಮೊದಲೇ ನೀನು ನಿಲ್ಲಬೇಕು. ದಿನಕ್ಕೆ ನಾಲ್ಕು ಹೆಜ್ಜೆ ಜಾಸ್ತಿ, ಅಷ್ಟೇ. ಹಾಕಿ ಬೇಡವೇ ಬೇಡ."

ಕೊಡಗಿನವನಿಗೆ ಹಾಕಿ ಬೇಡವಂತೆ! ಏಪ್ರಿಲ್‌ನಲ್ಲಿ ಪಕ್ಕದ ಎಸ್ಟೇಟಿನ ಮೇಲೆ ಪಂದ್ಯ. ಮೂರು ವರ್ಷದಿಂದ ಸೆಂಟರ್ ಫಾರ್ವರ್ಡ್ ನಾನು. ಕ್ಯಾಪ್ಟನ್ ಯಾರು ಅಂದಿರಿ? ಅದೇ ರೈಟರು. ನನ್ನ ಜಾಗಕ್ಕೆ ಅವರು ಬೆಳ್ಳಿಯಪ್ಪನನ್ನು ಹಾಕಿದರು. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವನು, ಜೀವದ ಗೆಳೆಯ. ನನ್ನ ಸ್ಟಿಕ್ಕನ್ನೂ ನಾನೇ ಉದಾರವಾಗಿ ಅವನ ಕೈಗಿಟ್ಟೆ. ಆ ಉದಾರತನ ಅವನು ಅಭ್ಯಾಸದಲ್ಲಿ ಮೊದಲ ಗೋಲು ಹೊಡೆಯುವವರೆಗೆ ಇತ್ತು.

ಆಮೇಲೆ ನನಗೆ ಯಾರನ್ನು ಕಂಡರೂ ಆಗದು. ಗೊಬ್ಬರದ ಮೂಟೆ ಹೊತ್ತು ಏರು ಹತ್ತುವ ಮುದುಕನ ಮೇಲೆ ಮತ್ಸರ. ಅವನ ಹಿಂದೆ ಓಡುವ ನಾಯಿಯ ಮೇಲೂ ಮತ್ಸರ. ಶಾಸ್ತ್ರದವರು ಆರು ವೈರಿಗಳ ಪಟ್ಟಿಯಲ್ಲಿ ಮಾತ್ಸರ್ಯವನ್ನು ಕೊನೆಗೆ ಕೂರಿಸಿದ್ದಾರೆ. ಪಾಪ, ಅವರ ತಲೆಗೆ ಪೆಟ್ಟು ಬಿದ್ದಿರಲಿಕ್ಕಿಲ್ಲ.

ನಾನು ಆಡಬಹುದೆಂದು ಕಂಪೌಂಡರ್ ಒಂದು ಚೀಟಿ ಬರೆದುಕೊಟ್ಟರೆ ರೈಟರು ಒಪ್ಪುತ್ತಾರೆಂದು ಒಂದು ದಿನ ಉಪಾಯ ಹೂಡಿದೆ. ಏರು ಹತ್ತಿ ಬಂದು, ಡಿಸ್ಪೆನ್ಸರಿಯ ಬಾಗಿಲ ಹೊರಗೆ ನಿಂತು, ಬಂಗಲೆಯ ಬಟ್ಲರನ ಅಲುಗದ ಮುಖ ಹಾಕಿಕೊಂಡು, ಅವನಂತೆಯೇ ಮೂಗಿನಲ್ಲಿ ನಿಧಾನ ಉಸಿರಾಡುತ್ತ ಒಳಗೆ ಹೋದೆ. ಕುಟ್ಟನ್ ಮಣಿಕಟ್ಟು ಹಿಡಿದರು.

"ಮುಖ ಬಟ್ಲರಂದು. ನಾಡಿ ನಿಂದೇ," ಎಂದು ಕೈ ಬಿಟ್ಟರು.

ಊರಿನವರ ಸ್ವರ, ನಡಿಗೆ, ಕೆಮ್ಮು ಎಲ್ಲ ಕದ್ದವನಿಗೆ ಒಂದು ಶಾಂತವಾದ ನಾಡಿ ಕದಿಯಲು ಬರಲಿಲ್ಲ. ಕೊಡಗು ಆಗ ಬೇರೆಯೇ ರಾಜ್ಯ, ಇಬ್ಬರೇ ಮಂತ್ರಿಗಳಿದ್ದ ಪುಟ್ಟ ರಾಜ್ಯ; ಸುದ್ದಿ ಹರಡಲು ಎಷ್ಟು ಹೊತ್ತು? ಈ ಸುದ್ದಿ ಸಂಜೆಯೊಳಗೆ ಕೂಲಿಯವರ ಎಲ್ಲ ಲೈನುಮನೆಗಳಿಗೂ ತಲುಪಿತು.

ಪಂದ್ಯಕ್ಕೆ ವಾರವಿರುವಾಗ ಅಭ್ಯಾಸ ನೋಡಲು ಮೈದಾನದಂಚಿನಲ್ಲಿ ಕುಟ್ಟನ್ ಪಕ್ಕ ಕೂತೆ. ನಡೆದಿರಲಿಲ್ಲ, ಏರು ಹತ್ತಿರಲಿಲ್ಲ. ಬೆಳ್ಳಿಯಪ್ಪ ನನ್ನ ಸ್ಟಿಕ್ಕಿನಿಂದ, ನನ್ನದೇ ವರಸೆಯಲ್ಲಿ, ನನಗಿಂತ ಚೆನ್ನಾಗಿ ಇಬ್ಬರನ್ನು ದಾಟಿ ಗೋಲು ಬಾರಿಸಿದ. ನನ್ನ ಕೈ ತಾನಾಗಿ ಎದೆಗೆ ಹೋಯಿತು. ಕುಟ್ಟನ್ ನನ್ನ ಮಣಿಕಟ್ಟು ಹಿಡಿದು ಗಡಿಯಾರ ತೆಗೆದರು.

"ನೂರಹತ್ತು!" ಎಂದರು, ಮೈದಾನಕ್ಕೆಲ್ಲ ಕೇಳುವಂತೆ. "ಕೂತಲ್ಲೇ!"

ರೈಟರು ಆಟ ನಿಲ್ಲಿಸಿ ಬಂದರು. ಇದೇ ಕೊನೆಯ ಅವಕಾಶವೆಂದು ಕಾಲು ಹಿಡಿಯುವುದೊಂದು ಬಾಕಿ ಎಂಬಂತೆ ಬೇಡಿಕೊಂಡೆ: "ರೈಟರೇ, ನನ್ನನ್ನು ಗೋಲ್‌ಕೀಪರ್ ಮಾಡಿ. ನಿಂತಲ್ಲೇ ನಿಂತಿರ್ತೇನೆ, ಒಂದು ಹೆಜ್ಜೆ ಓಡುವುದು ಬೇಡ."

ಅವರು ಕೈ ಹಿಂದೆ ಕಟ್ಟಿ, ಬೆಳ್ಳಿಯಪ್ಪನ ಕಡೆ ಒಮ್ಮೆ ನೋಡಿ ಹೇಳಿದರು:

"ನೀನು ಓಡುವುದು ಬೇಡ, ಸರಿ ಮಾರಾಯ. ಆದ್ರೆ ನಿನ್ನ ಎದೆ ನೆಟ್ಟಗಿರ್ಬೇಕಾದ್ರೆ ಬೆಳ್ಳಿಯಪ್ಪನೂ ಓಡ್ಬಾರ್ದಲ್ಲ!"